ಮರಿಯಲ್ಲದ ಚಿಪ್ಪು

ನಾನು ಕೈ ಹಾಕಿದ ಕೂಡಲೇ ಮಲ್ಲಕ್ಕ ನನ್ನ ಮುಂಗೈ ಮೇಲೆ ಒಂದು ಏಟು ಕೊಟ್ಟಳು. ಮೆಲ್ಲಗೇನಲ್ಲ.

"ಮರಿ ಮುಟ್ಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕವ್ವ ನಿಂಗೆ. ಓದಿದೋಳು ಬೇರೆ."

ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದೆವು. ಮಾರಿಕಣಿವೆಯ ಹಿನ್ನೀರು ಹೊಸದುರ್ಗದ ಕಡೆ ಚಾಚಿಕೊಂಡಿರುವ ಒಂದು ಮೂಲೆ ಅದು. ದಂಡೆಯ ಮೇಲೆ ಕಲ್ಲುಹಟ್ಟಿ, ಕುರುಬರ ಊರು. ಹತ್ತು ಹನ್ನೆರಡು ಹೆಂಗಸರು ಸೀರೆ ಎತ್ತಿ ಕಟ್ಟಿ, ಪಾದದಿಂದಲೇ ಕೆಸರು ತಡಕುತ್ತ ಸಾಲಾಗಿ ನಡೆಯುತ್ತಿದ್ದರು. ಗಟ್ಟಿಯಾದದ್ದು ಕಾಲಿಗೆ ತಾಗಿದರೆ ಬಾಗಿ ತೆಗೆಯುವುದು. ಅಂಗೈಯುದ್ದದ ಕಪ್ಪೆಚಿಪ್ಪಾದರೆ ಸೊಂಟಕ್ಕೆ ಹಗ್ಗ ಕಟ್ಟಿ ತೇಲಿಬಿಟ್ಟ ಪ್ಲಾಸ್ಟಿಕ್ ಟಬ್ಬಿಗೆ ಹೋಗುತ್ತಿತ್ತು. ಚಿಕ್ಕದಾದರೆ ತೆಗೆದ ಜಾಗಕ್ಕೇ ವಾಪಸ್ಸು. ಅದನ್ನೂ ಎಸೆಯುತ್ತಿರಲಿಲ್ಲ, ಕೆಸರಿನಲ್ಲಿ ಒತ್ತಿ ಕೂರಿಸುತ್ತಿದ್ದರು.

"ನಾನು ಮಾರೋಕೆ ತಗೊಳ್ತಿಲ್ಲ ಮಲ್ಲಕ್ಕ. ಅಳತೆ ನೋಡ್ಬೇಕು."

"ಅಳತೆ ದೊಡ್ಡದ್ರದ್ದು ನೋಡು. ಮರಿ ಅಳತೆ ತಗಂಡು ಏನ್ಮಾಡ್ತೀಯ, ಅಂಗಿ ಹೊಲಿಸ್ತೀಯ?"

ಪಕ್ಕದಲ್ಲಿದ್ದ ಬರಗೇರಮ್ಮ ಕಿಸಕ್ಕನೆ ನಕ್ಕಳು. ನಾನೂ ನಗಲು ನೋಡಿದೆ. ನನಗೆ ಯಾರಾದರೂ ಗದರಿದರೆ ಮೊದಲು ಬರುವುದು ನಗು. ಸಿಟ್ಟು ಬರುವುದು ಮನೆಗೆ ಹೋದ ಮೇಲೆ.

ಈ ಕಸುಬಿಗೆ ಆಗಿನ್ನೂ ಎರಡೇ ವರ್ಷ. ಆಂಧ್ರದ ಕಡೆ ಹೊಂಡಗಳಲ್ಲಿ ಮುತ್ತು ಬೆಳೆಸುವವರಿಗೆ ದೊಡ್ಡ ಕಪ್ಪೆಚಿಪ್ಪು ಜೀವಂತವಾಗಿ ಬೇಕಂತೆ, ಎಷ್ಟಾದರೂ ಕೊಳ್ಳುತ್ತಾರಂತೆ ಎಂದು ಹಿರಿಯೂರಿನ ದಿಲಾವರ್ ಟೆಂಪೊ ತಂದು ನಿಲ್ಲಿಸಿದಾಗ ಕಲ್ಲುಹಟ್ಟಿಯವರು ಮೂಗು ಮುರಿದರು. ಮಲ್ಲಕ್ಕ ಮೊದಲು ನೀರಿಗಿಳಿದಳು. ಅವಳಿಗೆ ಒಂದೇ ಲೆಕ್ಕ. ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ದಾವಣಗೆರೆ ಕಡೆಯ ಗದ್ದೆ ಬಯಲಿಗೆ ನಡೆಯಬೇಕು, ಮಳೆಗಾಲದವರೆಗೆ ಯಾರದೋ ಹೊಲದಲ್ಲಿ ಮಲಗಬೇಕು. ಚಿಪ್ಪು ಹಿಡಿದರೆ ಅರ್ಧ ಕುರಿ ಮಾರಿ, ಉಳಿದವನ್ನು ಹಟ್ಟಿಯಲ್ಲೇ ಇಟ್ಟುಕೊಂಡು ಮನೆಯಲ್ಲಿರಬಹುದು. ಎರಡು ಬೇಸಿಗೆ ಹಾಗೇ ಇದ್ದಳು. ಸವೆದ ಮೊಣಕಾಲು, ಐವತ್ತು ದಾಟಿದ ವಯಸ್ಸು. "ಮದುವೆಯಾದಾಗಿಂದ ಯುಗಾದಿಗೆ ನನ್ನ ಹೊಸ್ತಿಲಿಗೆ ನಾನು ರಂಗೋಲಿ ಹಾಕಿದ್ದು ಎರಡೇ ಸಲ ನೋಡವ್ವ" ಎಂದು ಒಮ್ಮೆ ಹೇಳಿದ್ದಳು. ಸುಮ್ಮನೆ ಹೇಳಿದ್ದಲ್ಲ, ವರದಿ ಬರೆಯುವವಳು ನಾನು ಎಂದು ಗೊತ್ತಿದ್ದೇ ಹೇಳಿದ್ದು.

ಈಗ ಮಲ್ಲಕ್ಕ ಅಧ್ಯಕ್ಷೆಯಾಗಿದ್ದ ಹೆಂಗಸರ ಸಂಘಕ್ಕೆ ಐದು ವರ್ಷದ ಪರವಾನಗಿ ಕೊಡುವ ಮಾತು ನಡೆದಿತ್ತು. ಹಿನ್ನೀರಿನ ಎಲ್ಲ ಮೂಲೆಗಳಲ್ಲೂ ಹಿಡಿಯಬಹುದು. ಅದಕ್ಕೆ ಮೊದಲು ಈ ಕಸುಬು ಬಾಳಿಕೆ ಬರುತ್ತದೆಯೇ, ಹಿಡಿದಷ್ಟು ಮತ್ತೆ ಹುಟ್ಟುತ್ತಿದೆಯೇ ಎಂದು ನೋಡಿ ವರದಿ ಕೊಡಬೇಕು, ಜೊತೆಗೆ ಸಂಘದ ಒಪ್ಪಿಗೆಯ ಠರಾವು ಬೇಕು. ನೋಡುವ ಕೆಲಸಕ್ಕೆ ಕಂಟ್ರಾಕ್ಟ್ ಮೇಲೆ ಸೇರಿಸಿಕೊಂಡದ್ದು ನನ್ನನ್ನು. ಹೆಸರು ಹುಮೇರಾ. ಹಗಲು ಹಿರಿಯೂರಿನ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕಿ, ಸಂಜೆ ತರಗತಿಯಲ್ಲಿ ಓದಿ ಪದವಿ ಪಡೆದವಳು. ಆಮೇಲೆ ಮೀನುಗಾರಿಕೆಯ ಒಂದು ತರಬೇತಿ. ಸಂಜೆ ತರಗತಿಯಲ್ಲಿ ಓದಿದವರಿಗೆ ಒಂದು ರೋಗವಿದೆ. ಬೆಳಿಗ್ಗೆ ಓದಿದವರಿಗೆ ಏನೋ ಹೆಚ್ಚಿಗೆ ಹೇಳಿಕೊಟ್ಟಿರುತ್ತಾರೆ, ನಮಗೆ ಅದನ್ನು ಬಿಟ್ಟಿರುತ್ತಾರೆ ಎಂಬ ಅನುಮಾನ ಸಾಯುವವರೆಗೂ ಹೋಗುವುದಿಲ್ಲ.

ಹಿಂದಿನ ವರ್ಷ ಹೊರಗಿನಿಂದ ಬಂದ ತಜ್ಞರು ಒಂದು ದಿನ ನೋಡಿಕೊಂಡು ಹೋಗಿ, ಮರಿಗಳು ಯಥೇಚ್ಛವಾಗಿವೆ ಎಂದು ಬರೆದಿದ್ದರು. ನನಗೂ ಮರಿಗಳು ಯಥೇಚ್ಛವಾಗಿಯೇ ಕಂಡವು. ಕಬ್ಬಿಣದ ಚೌಕಟ್ಟನ್ನು ನೀರಿನೊಳಗೆ ಇಟ್ಟು, ಅದರೊಳಗಿನ ಕೆಸರನ್ನೆಲ್ಲ ಬಾಚಿ ಜರಡಿ ಹಿಡಿದಾಗ ಪ್ರತಿ ಸಲವೂ ಚಿಕ್ಕವು ಗಲಗಲ ಉಳಿಯುತ್ತಿದ್ದವು. ದೊಡ್ಡವು ಅಲ್ಲೊಂದು ಇಲ್ಲೊಂದು.

ತೊಂದರೆ ನಡುವಿನದ್ದು. ನಡುವಿನ ಗಾತ್ರದ್ದು ಇರಲೇ ಇಲ್ಲ.

ಕುರಿಹಟ್ಟಿಯಲ್ಲಿ ಹಾಲು ಹಲ್ಲಿನ ಮರಿಗಳಿವೆ, ಬಾಯಿ ತುಂಬ ಹಲ್ಲು ಬಂದ ಹಳೆಯ ಕುರಿಗಳಿವೆ, ವರ್ಷ ದಾಟಿದ ಎರಡು ಹಲ್ಲಿನದು ಒಂದೂ ಇಲ್ಲ ಎಂದರೆ ಯಾರಾದರೂ ಕೇಳುತ್ತಾರೆ, ಹೋದ ವರ್ಷದ ಮರಿಗಳೆಲ್ಲ ಏನಾದವು ಎಂದು. ಚಿಕ್ಕವು ದುಂಡಗೆ, ದಪ್ಪ ಸಿಪ್ಪೆಯವು. ದೊಡ್ಡವು ಉದ್ದಕ್ಕೆ, ತೆಳ್ಳಗೆ. ಬೆಳೆಯುತ್ತ ಆಕಾರ ಬದಲಾಗಬಹುದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತಜ್ಞರು ಕಣ್ಣು ಮುಚ್ಚಿಕೊಂಡು ಬರೆದಿರುತ್ತಾರೆಯೇ ಎಂದೂ ಹೇಳಿಕೊಂಡೆ. ಬೇರೆ ಬೇರೆ ಮೂಲೆಗಳಲ್ಲಿ ಚೌಕಟ್ಟು ಇಟ್ಟು ನೋಡಿದೆ. ಉದ್ದಕ್ಕೆ ತೆಳ್ಳಗಿರುವ ಚಿಕ್ಕದು ಒಂದಾದರೂ ಸಿಕ್ಕಲಿ, ನನ್ನ ಅನುಮಾನ ಸುಳ್ಳಾಗಲಿ ಎಂದು ಜರಡಿ ಅಲ್ಲಾಡಿಸಿದೆ. ಸಿಗಲಿಲ್ಲ.

ಹಿರಿಯೂರಿನಲ್ಲಿ ನಮ್ಮ ಕಚೇರಿ ಬಸ್ ನಿಲ್ದಾಣದ ಹಿಂದಿನ ಮಹಡಿಯ ಮೇಲೆ. ನನ್ನ ಮೇಲಧಿಕಾರಿ ರಘುನಾಥ್ ಸಾರ್ ಮಂಡಕ್ಕಿ ತಿನ್ನುತ್ತಿದ್ದರು. ಒಳ್ಳೆಯ ಮನುಷ್ಯರು ಎಂದೇ ನಾನು ತಿಳಿದಿದ್ದೆ, ಈಗಲೂ ಪೂರ್ತಿ ಅಲ್ಲ ಎನ್ನಲಾರೆ. ಎರಡು ಚಿಪ್ಪುಗಳನ್ನು ಅವರ ಮೇಜಿನ ಮೇಲಿಟ್ಟೆ.

"ಸಾರ್, ಈ ಚಿಕ್ಕವು ಇದರ ಮರಿ ಅಲ್ಲ ಅನ್ಸುತ್ತೆ. ಬೇರೆ ಜಾತಿ."

"ಅನ್ಸುತ್ತೋ, ಗೊತ್ತೋ?"

"ಗೊತ್ತು ಅನ್ಸುತ್ತೆ ಸಾರ್."

ಅವರು ನಕ್ಕು, ಮಂಡಕ್ಕಿ ಪೊಟ್ಟಣವನ್ನು ನನ್ನ ಕಡೆ ಸರಿಸಿದರು. "ಅನ್ಸೋದೇನೂ ಬೇಡ. ಬೇರೆ ಜಾತೀನೇ. ಇದು ಎಷ್ಟು ವರ್ಷ ಬಿಟ್ರೂ ಇಷ್ಟೇ ಇರೋದು. ನನಗೆ ಹೋದ ವರ್ಷನೇ ಗೊತ್ತಿತ್ತು."

ಮೇಜಿನ ಮೇಲಿನ ಚಿಪ್ಪುಗಳನ್ನು ವಾಪಸ್ಸು ಕೈಗೆ ತೆಗೆದುಕೊಂಡೆ.

"ಕೂತ್ಕೊ. ನೋಡು ಹುಮೇರಾ, ತಜ್ಞರ ವರದಿ ಜೊತೆ ನಾನು ಅದನ್ನ ಬರೆದು ಕಳಿಸಿದ್ರೆ ಏನಾಗ್ತಿತ್ತು? ಫೈಲ್ ಸಮಿತಿಗೆ ಹೋಗುತ್ತೆ, ಕಸುಬು ನಿಲ್ಸಿ ಅಂತಾರೆ. ಆ ಹೆಂಗಸರು ಮತ್ತೆ ಕುರಿ ಹಿಂದೆ ಹೋಗ್ಬೇಕು. ದಿಲಾವರ್ ಬೇರೆ ಜಿಲ್ಲೆ ನೋಡ್ಕೊಳ್ತಾನೆ. ಇನ್ನೆರಡು ವರ್ಷ ನಾಲ್ಕು ಕಾಸು ನೋಡ್ಲಿ ಬಿಡು. ಆಮೇಲೆ ಮುಗಿದ್ರೆ ಮುಗೀತು. ಮರಿ ಸಮೃದ್ಧ ಅಂತ ಬರಿ."

"ಮುಗಿದ್ರೆ ಮತ್ತೆ ಬರೋದೇ ಇಲ್ವಲ್ಲ ಸಾರ್."

"ಬರದಿದ್ರೆ ಬೇಡ. ಚಿಪ್ಪು ಓಟು ಹಾಕುತ್ತಾ?"

ನಾನು ಏನು ಹೇಳಿದೆ ಗೊತ್ತೇ? ಸರಿ ಸಾರ್ ಎಂದೆ. ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಮೈಯೆಲ್ಲ ಉರಿಯಿತು. ಸಾರ್ ಗೊತ್ತಿಲ್ಲದೆ ಸುಮ್ಮನಿದ್ದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಆ ಹೆಂಗಸರು ದುಡ್ಡು ಬರುವ ವಸ್ತುವನ್ನು ನೀರಿಗೆ ವಾಪಸ್ಸು ಕೂರಿಸುತ್ತಿದ್ದೇವೆ ಎಂದುಕೊಂಡಿದ್ದರು. ಅದೇ ನಂಬಿಕೆಯ ಮೇಲೆ ದೊಡ್ಡವನ್ನು ಧೈರ್ಯವಾಗಿ ಬರಿದು ಮಾಡುತ್ತಿದ್ದರು. ಮರಿ ಬಿಟ್ಟಿದ್ದೇವಲ್ಲ, ಬೆಳೆಯುತ್ತವೆ. ಕುರಿ ಸಾಕಿದವರಲ್ಲದೆ ಬೇರೆ ಯಾರೂ ಇಷ್ಟು ಶಿಸ್ತಿನಿಂದ ಈ ತಪ್ಪು ಮಾಡಲಾರರು. ಅದನ್ನು ನೋಡುತ್ತ ಒಬ್ಬರು ಮಂಡಕ್ಕಿ ತಿನ್ನುತ್ತಿದ್ದರು, ನಾನು ಸರಿ ಸಾರ್ ಎನ್ನುತ್ತಿದ್ದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಲ್ಲುಹಟ್ಟಿಗೆ ಹೋದೆ. ಹೋಗುವ ದಾರಿಯುದ್ದಕ್ಕೂ ಇಳಿದು ವಾಪಸ್ಸು ಹೋಗಿಬಿಡೋಣ ಎಂದುಕೊಂಡೆ. ಮಲ್ಲಕ್ಕ ದಂಡೆಯ ಮೇಲೆ ಟಬ್ಬು ತೊಳೆಯುತ್ತಿದ್ದಳು. ಬರಗೇರಮ್ಮ, ರೇಣುಕಮ್ಮ, ಇನ್ನೂ ನಾಲ್ಕೈದು ಜನ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಹೇಳಬೇಕಾದ್ದನ್ನು ನಿಂತೇ ಹೇಳಿದೆ.

ಮಲ್ಲಕ್ಕ ಟಬ್ಬನ್ನು ಬೋರಲು ಹಾಕಿ ಎದ್ದಳು.

"ಏನಂದೆ? ಮರಿ ಅಲ್ವಾ?"

"ಅಲ್ಲ ಮಲ್ಲಕ್ಕ."

"ಲೇ ಬರಗೇರಿ, ಕೇಳ್ದೇನೆ. ಹುಟ್ಟಿದಾಗಿಂದ ಮರಿ ಕಂಕುಳಲ್ಲಿಟ್ಕಂಡು ಬೆಳೆದೋರು ನಾವು. ಪ್ಯಾಟೇಲಿ ಕಾಜಾ ಹಾಕ್ತಿದ್ದೋಳು ಬಂದು ನಮ್ಗೆ ಮರಿ ತೋರಿಸ್ತಾಳಂತೆ."

"ಕೋಪ ಮಾಡ್ಕೋಬ್ಯಾಡ್ರಿ ಮೇಡಂ" ಎಂದು ಬರಗೇರಮ್ಮ ಹಲ್ಲು ಕಿರಿದಳು. "ಕಾಜಾನೂ ಕಷ್ಟದ ಕೆಲ್ಸನೇ."

"ಹಂಗಾದ್ರೆ ಕುಯ್ದು ತೋರ್ಸು" ಎಂದಳು ಮಲ್ಲಕ್ಕ. "ಬಾಯಲ್ಲಿ ಹೇಳಿದ್ರೆ ಕೇಳೋಳಲ್ಲ ನಾನು."

ಬರಗೇರಮ್ಮನೇ ನೀರಿಗಿಳಿದು ಏಳೆಂಟು ಚಿಕ್ಕವನ್ನು ತಂದು ನನ್ನ ಮುಂದೆ ಸುರಿದಳು. ಕುಯ್ದರೆ ಏನು ಕಾಣಬಹುದು ಎಂದು ತರಬೇತಿಯಲ್ಲಿ ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಕಾಣದಿದ್ದರೆ ಇವರೆದುರು ನನ್ನ ಗತಿಯೇನು ಎಂದು ಹೆದರಿಕೆಯಾಯಿತು. ಚಾಕುವಿನ ತುದಿಯನ್ನು ಸಂದಿಗೆ ತೂರಿಸಿ ತಿರುವಿದೆ. ಮೊದಲನೆಯದು ಜಾರಿತು. ಎರಡನೆಯದು ತೆರೆದುಕೊಂಡಿತು.

ಕಿವಿರುಗಳು ಊದಿಕೊಂಡಿದ್ದವು. ಪುಟ್ಟ ದಿಂಬುಗಳ ಹಾಗೆ, ಕೆನೆ ಬಣ್ಣದಲ್ಲಿ, ಚಿಪ್ಪಿನ ಒಳಗೆ ಹಿಡಿಸಲಾರದಷ್ಟು ತುಂಬಿಕೊಂಡಿದ್ದವು.

ಮಲ್ಲಕ್ಕ ನನ್ನ ಕೈಯಿಂದ ಅದನ್ನು ಕಿತ್ತುಕೊಂಡಳು. ಉಗುರಿನಿಂದ ಮೆಲ್ಲಗೆ ಒತ್ತಿದಳು. ರವೆಗಿಂತ ನುಣ್ಣಗಿನದೇನೋ ಅವಳ ಉಗುರಿನ ಮೇಲೆ ಬಂತು. ಬಿಸಿಲಿಗೆ ಹಿಡಿದು ನೋಡಿದಳು. ಎಲೆ ಅಡಿಕೆ ಜಗಿಯುತ್ತಿದ್ದ ಅವಳ ದವಡೆ ಆಡುವುದು ನಿಂತಿತು.

"ಗಬ್ಬ ಐತೆ" ಎಂದಳು.

"ಏನೈತೆ?" ಎಂದಳು ಬರಗೇರಮ್ಮ.

"ಗಬ್ಬ ಐತೆ ಕಣೇ. ನೋಡಿಲ್ಲಿ."

"ಮರಿಗೆ ಗಬ್ಬ ಎಂಗಾತು?"

ಮಲ್ಲಕ್ಕ ಚಾಕು ತೆಗೆದುಕೊಂಡು ತಾನೇ ಇನ್ನೊಂದು ತೆರೆದಳು. ಅದರಲ್ಲೂ ಹಾಗೇ. ಮತ್ತೊಂದರಲ್ಲಿ ಇರಲಿಲ್ಲ, ಅದು ಗಂಡಿರಬೇಕು. ಆಮೇಲಿನದರಲ್ಲಿ ಇತ್ತು. ನಾಲ್ಕನೆಯದನ್ನು ಅರ್ಧ ತೆರೆದವಳು ಹಾಗೇ ನೀರಿಗೆ ಎಸೆದಳು.

"ಮುದುಕೀರು ಇವು" ಎಂದಳು. ಸ್ವರ ಎತ್ತರಿಸದೆಯೇ ಹೇಳಿದಳು, ಅದಕ್ಕೇ ನನಗೆ ಭಯವಾಯಿತು. "ಹೆತ್ತು ಹೆತ್ತು ಸಾಕಾದ ಮುದುಕೀರು. ಎರಡು ವರ್ಸ ನಾನು ಯಾರ ಮಕ್ಳನ್ನ ಕಾದೆ ಹಂಗಾದ್ರೆ?"

"ದೊಡ್ಡದ್ರ ಮರಿ ಎಲ್ಲಿ ಅವೆ?" ಎಂದು ರೇಣುಕಮ್ಮ ಕೇಳಿದಳು.

"ಇಲ್ಲ" ಎಂದೆ. "ದೊಡ್ಡವು ಒಂದರ ಪಕ್ಕ ಒಂದು ಒತ್ತಾಗಿ ಇದ್ರೆ ಮಾತ್ರ ಗಬ್ಬ ಆಗ್ತವೆ. ಗಂಡಿಂದು ನೀರಲ್ಲಿ ಹರಿದು ಹೆಣ್ಣಿಗೆ ಮುಟ್ಬೇಕು. ನಾವು ತೆಳು ಮಾಡಿದೀವಿ. ಈಗ ಉಳಿದಿರೋವು ದೂರ ದೂರ ಅವೆ. ಮರಿ ಹುಟ್ಟಿ ಬೆಳೆಯೋಕೂ ಮೂರು ನಾಲ್ಕು ವರ್ಷ ಬೇಕು."

"ನಾವು ಅನ್ಬ್ಯಾಡ" ಎಂದಳು ಮಲ್ಲಕ್ಕ. "ನೀವು. ಆಪೀಸಿನೋರು. ನಿಮ್ಮ ರಘುನಾಥಪ್ಪ ಇಲ್ಲೇ ನಿಂತ್ಕಂಡು ಭೇಷ್ ಮಲ್ಲಕ್ಕ, ಮರಿ ಬಿಡ್ತೀಯ ಅಂತ ಬೆನ್ನು ತಟ್ಟಿದ್ದ. ಆವಯ್ಯಂಗೂ ಗೊತ್ತಿರ್ಲಿಲ್ವಾ?"

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು.

"ಗೊತ್ತಿತ್ತು" ಎಂದೆ.

ಎರಡು ದಿನದ ನಂತರ ಠರಾವು ಮಾಡಿಸಿಕೊಳ್ಳಲು ರಘುನಾಥ್ ಸಾರ್ ಬಂದರು. ದಿಲಾವರ್ ಮಾಮು ಟೆಂಪೊದಲ್ಲೇ ಅವರನ್ನು ಕರೆತಂದಿದ್ದರು. ಮಾಮು ನಮ್ಮ ಮೊಹಲ್ಲಾದವರು, ಚಿಕ್ಕಂದಿನಿಂದ ನನ್ನನ್ನು ಕಂಡವರು. ಶಾಲೆಯ ಜಗುಲಿಯಲ್ಲಿ ಸಂಘದವರೆಲ್ಲ ಸೇರಿದ್ದರು. ಸಾರ್ ನನ್ನ ಕಡೆ ಒಮ್ಮೆ ನೋಡಿದರು. ಏನೋ ಆಗಿದೆ ಎಂದು ಅವರಿಗೆ ತಿಳಿಯಿತು.

"ಕುಂತ್ಕಳ್ರಿ ಸಾಹೇಬ್ರೆ" ಎಂದಳು ಮಲ್ಲಕ್ಕ. ಅವರು ಕೂರುವವರೆಗೆ ಕಾದಳು. "ನಾವು ಬಿಟ್ಟಿದ್ದು ಮರಿ ಅಲ್ಲ ಅಂತ ನಿಮ್ಗೆ ಹೋದ ವರ್ಸನೇ ಗೊತ್ತಿತ್ತಂತೆ."

"ಮಲ್ಲಕ್ಕ, ಅದನ್ನ ಹೇಳಿದ್ರೆ ನಿಮ್ಮ ಕಸುಬು ನಿಲ್ಲಿಸ್ತಿದ್ರು. ನಿಮಗೋಸ್ಕರಾನೇ ಸುಮ್ಮನಿದ್ದೆ."

"ನಮಗೋಸ್ಕರ, ನಮ್ಗೇ ಹೇಳ್ದಂಗೆ."

"ಹೇಳಿದ್ರೆ ನಿಮಗೇನು ಅರ್ಥ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಆದರೆ ಮಾತು ಜಗುಲಿಗೆ ಬಿದ್ದಾಗಿತ್ತು.

ಮಲ್ಲಕ್ಕ ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. "ನಮ್ಗೆ ಗಬ್ಬ ಅರ್ಥ ಆಗಲ್ಲ ಅಂತ ತಿಳ್ಕಂಡ್ರಾ ಸಾಹೇಬ್ರೆ" ಎಂದಳು. "ಮೂರು ತಿಂಗಳ ಗಬ್ಬಾನ ಹೊಟ್ಟೆ ಮುಟ್ಟಿ ಹೇಳ್ತೀನಿ. ನಿಮ್ಮನೆ ಕುರಿ ಇದ್ರೆ ತಗಂಬರ್ರಿ."

ಹಿಂದೆ ಯಾರೋ ನಕ್ಕರು. ಸಾರ್ ಮುಖ ಕೆಂಪಗಾಯಿತು.

ದಿಲಾವರ್ ಮಾಮು ಟೋಪಿ ಸರಿ ಮಾಡಿಕೊಂಡು ಮುಂದೆ ಬಂದರು. "ಅಕ್ಕ, ಜಗಳ ಆಮೇಲೆ ಮಾಡೋಣ. ನೀವು ಬ್ಯಾಡ ಅಂದ್ರೆ ಎದುರಿನ ಆ ದಂಡೆಯೋರು ನಾಳೆನೇ ಠರಾವು ಕೊಡ್ತಾರೆ. ಅವ್ರು ನಿಮ್ಮಂಗೆ ಕಾಲಲ್ಲಿ ತಡಕೋದಿಲ್ಲ, ಕಬ್ಬಿಣದ ಹಲ್ಲಿನ ಬಲೆ ಎಳೀತಾರೆ. ಚಿಪ್ಪು ಹೆಂಗೂ ಹೋಗೋದೇ. ನಿಮ್ಮ ಕೈಯಾಗೆ ಹೋಗ್ಲಿ ಅಂತ ನಾನು ಹೇಳೋದು."

"ಅವಯ್ಯ ಹೇಳೋದು ಸರಿ ಐತೆ" ಎಂದು ರೇಣುಕಮ್ಮ ಎದ್ದಳು. "ಇರೋವಷ್ಟು ದಿನ ಹಿಡಿಯಾಣ. ನಾವು ಬಿಟ್ರೆ ಇನ್ನೊಬ್ರು ಹಿಡೀತಾರೆ. ನೀನು ಅರ್ಧ ಕುರಿ ಮಾರಿದ್ದೆ ಮಲ್ಲಕ್ಕ, ನಾನು ಪೂರ್ತಿ ಮಾರಿದೀನಿ. ನಾನು ಯಾವುದರ ಹಿಂದೆ ಹೋಗ್ಲಿ?"

ಮಾತಿಗೆ ಮಾತು ಬೆಳೆಯಿತು. ಒಬ್ಬಳು ಮಲ್ಲಕ್ಕನಿಗೆ ಯಜಮಾನಿಕೆಯ ಮದ ಎಂದಳು. ಇನ್ನೊಬ್ಬಳು ರೇಣುಕಮ್ಮನಿಗೆ ಕಣ್ಣೆದುರಿನ ನೋಟು ಬಿಟ್ಟು ಬೇರೇನೂ ಕಾಣಲ್ಲ ಎಂದಳು. ಬರಗೇರಮ್ಮ ಎರಡೂ ಕಡೆ ಕೈ ಹಿಡಿದು ಎಳೆಯುತ್ತಿದ್ದಳು. ಗದ್ದಲದ ನಡುವೆ ಮಲ್ಲಕ್ಕ ನನ್ನತ್ತ ತಿರುಗಿದಳು.

"ಸುಮ್ಕೆ ನಿಂತಿದೀಯಲ್ಲ. ನೀನೇನು ಬರೀತೀಯ ಅದನ್ನ ಮೊದ್ಲು ಹೇಳು. ಆ ದಂಡೆಗೂ ಸೇರಿ ಬರೀತೀಯೋ, ನಮ್ದು ಮಾತ್ರ ನಿಲ್ಸಿ ಮನೆಗೆ ಹೋಗ್ತೀಯೋ?"

ಎಲ್ಲರೂ ನೋಡಿದರು. ಸಾರ್ ಕೂಡ.

"ಪೂರ್ತಿ ಹಿನ್ನೀರಿಗೆ ಬರೀತೀನಿ. ಎರಡು ಜಾತಿ ಅಂತ. ದೊಡ್ಡದು ಮುಗೀತಾ ಬಂದಿದೆ, ಮೂರು ವರ್ಷ ಯಾರೂ ಯಾವ ದಂಡೆಯಲ್ಲೂ ಹಿಡೀಬಾರ್ದು ಅಂತ. ಹೋದ ವರ್ಷದ ವರದಿ ತಪ್ಪು ಅಂತಾನೂ ಬರೀತೀನಿ."

"ಬರಿ" ಎಂದರು ರಘುನಾಥ್ ಸಾರ್. "ನಾನು ನನ್ನ ಅಭಿಪ್ರಾಯ ಸೇರಿಸಲ್ಲ. ನಿನ್ನ ಹೆಸರಲ್ಲೇ ಹೋಗ್ಲಿ. ನಾಳೆ ಯಾರಾದ್ರೂ ನೀನ್ಯಾರು, ಎಲ್ಲಿ ಓದಿದ್ದು ಅಂತ ಕೇಳಿದ್ರೆ ಉತ್ತರ ಇಟ್ಕೊ."

"ಚಿಪ್ಪು ಕುಯ್ದು ತೋರಿಸ್ತೀನಿ ಸಾರ್."

ಅವರಿಗೆ ಎದುರಾಡಿದ್ದು ಅದೇ ಮೊದಲು. ಹೇಳಿದ ಮೇಲೆ ಖುಷಿಯಾಗಬೇಕಿತ್ತು. ಆಗಲಿಲ್ಲ. ರೇಣುಕಮ್ಮ ನನ್ನ ಕಾಲ ಹತ್ತಿರ ಉಗುಳಿ, "ನಿಂಗೇನಮ್ಮ, ತಿಂಗ್ಳಾ ತಿಂಗ್ಳಾ ಸಂಬ್ಳ" ಎಂದು ಜಗುಲಿ ಇಳಿದು ಹೋದಳು. ಅವಳ ಹಿಂದೆ ಮತ್ತಿಬ್ಬರು ಹೋದರು. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಮಲ್ಲಕ್ಕ ಅವಳು ಹೋಗುವುದನ್ನೇ ನೋಡುತ್ತಿದ್ದಳು. ಆಮೇಲೆ ದಿಲಾವರ್ ಮಾಮು ಕಡೆ ತಿರುಗಿದಳು.

"ಸಾಬ್ರೆ, ನಮ್ಮ ಮನೇಲಿ ಗಬ್ಬದ ಕುರಿ ಮಾರಿದ್ದಿಲ್ಲ. ಇವು ಗಬ್ಬಾನೇ ಆಗ್ದಂಗೆ ಮಾಡಿ ಮಾರೀವಿ. ಠರಾವು ಇಲ್ಲ. ಟೆಂಪೊ ತಿರುಗ್ಸ್ಕಳ್ರಿ."

"ಅಕ್ಕ, ಯೋಚನೆ..."

"ಯೋಚ್ನೆ ಮಾಡಿದ್ರೆ ಸಹಿ ಹಾಕ್ಬಿಡ್ತೀನಿ. ಅದ್ಕೇ ಹೇಳ್ತಿರೋದು, ಬಿರ್ರನೆ ಹೋಗ್ರಿ."

ವರದಿ ಕಳಿಸಿದೆ. ಮೇಲಿನಿಂದ ಇಬ್ಬರು ಬಂದರು, ನಾನು ಎಲ್ಲಿ ಓದಿದ್ದು ಎಂದು ಮೊದಲು ಕೇಳಿದರು, ಆಮೇಲೆ ನೀರಿಗಿಳಿದರು. ಅವರೆದುರಿಗೂ ಚಿಪ್ಪು ತೆರೆದೆ. ಎಲ್ಲ ದಂಡೆಗಳಲ್ಲೂ ಹಿಡಿಯುವುದನ್ನು ಮೂರು ವರ್ಷ ನಿಲ್ಲಿಸಿ ಆದೇಶ ಬಂತು. ಬಂದ ದಿನ ರಘುನಾಥ್ ಸಾರ್ ಅದನ್ನು ನನ್ನ ಮೇಜಿನ ಮೇಲೆ ಇಟ್ಟು, "ಹೋಗಿ ನೀನೇ ಹೇಳು, ನಿನ್ನ ಗೆಲುವು" ಎಂದರು. ಗೆಲುವು ಎಂಬ ಮಾತಿಗೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ನನ್ನ ಕಂಟ್ರಾಕ್ಟನ್ನು ಮುಂದುವರಿಸುವುದಿಲ್ಲ ಎಂದೂ ಅವತ್ತೇ ಹೇಳಿದರು.

ಕಲ್ಲುಹಟ್ಟಿಗೆ ಹೋದಾಗ ಮಲ್ಲಕ್ಕ ಹೊರಟು ನಿಂತಿದ್ದಳು. ಗೂಡ್ಸ್ ಆಟೊದಲ್ಲಿ ಕುರಿ ಕೂಡಿಹಾಕುವ ಬಲೆ, ಗೂಟ, ಪಾತ್ರೆ, ಕಂಬಳಿ, ಎರಡು ಕೋಳಿ. ಅವಳ ಕುರಿಗಳ ಜೊತೆ ಬೇರೆಯವರ ಕುರಿಗಳೂ ಸೇರಿ ದೊಡ್ಡ ಹಿಂಡಾಗಿತ್ತು. ಬೇರೆಯವರ ಕುರಿಯನ್ನು ಪಾಲಿಗೆ ಹಿಡಿದು ಕಾಯಲು ಹೊರಟಿದ್ದಳು. ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡಿದ್ದಳು. ಪಕ್ಕದಲ್ಲಿ ರೇಣುಕಮ್ಮ, ಕೈಯಲ್ಲಿ ಕೋಲು. ಇಬ್ಬರೂ ಒಬ್ಬರ ಜೊತೆ ಒಬ್ಬರು ಮಾತಾಡುತ್ತಿರಲಿಲ್ಲ, ಆದರೆ ಒಂದೇ ಹಿಂಡಿನ ಹಿಂದೆ ಹೊರಟಿದ್ದರು.

"ಆದೇಶ ಆಯ್ತು ಮಲ್ಲಕ್ಕ. ಆ ದಂಡೆಯೂ ನಿಂತಿದೆ."

"ಗೊತ್ತು. ಊರಿಗೆಲ್ಲ ಗೊತ್ತು. ನನ್ನ ಸೊಸೆಗೆ ನಿನ್ನ ಹೆಸ್ರು ಹೇಳ್ಬ್ಯಾಡ, ಒನಕೆ ತಗಂಬರ್ತಾಳೆ."

"ಮನೇಲಿ ಇರ್ಬೋದಿತ್ತು ನೀವು. ನನ್ನಿಂದ..."

"ಅದೆಲ್ಲ ನಂತಾವ ಅಳ್ಬ್ಯಾಡ. ನಿಂಗೆ ಅಳೋಕೆ ನಿಮ್ಮಮ್ಮ ಅವ್ಳೆ." ಕಂಬಳಿಯನ್ನು ಹೆಗಲಿಗೇರಿಸಿ ನನ್ನ ಮುಖಕ್ಕೆ ಹತ್ತಿರ ಬಂದಳು. "ಮೂರು ವರ್ಸ ಆದ್ಮೇಲೆ ಬಂದು ಜರಡಿ ಹಿಡೀಬೇಕು ನೀನು. ಉದ್ದ ಮರಿ, ತೆಳ್ಳನ್ ಮರಿ. ಅದೈತೋ ಇಲ್ವೋ ನೋಡಿ ನಂಗೆ ಹೇಳ್ಬೇಕು. ಬ್ಯಾರೆ ಯಾರ್ನೂ ಕಳಿಸ್ಬ್ಯಾಡ."

"ನನ್ನ ಕಂಟ್ರಾಕ್ಟ್ ಮುಗೀತು ಮಲ್ಲಕ್ಕ. ಮುಂದಿನ ತಿಂಗಳಿಂದ ನಾನು ಆಫೀಸಿನವಳಲ್ಲ."

"ಆಪೀಸು ಕೇಳಿದ್ನಾ ನಾನು? ಬಸ್ಸು ಇರ್ತೈತೋ ಇಲ್ವೋ?"

"ಇರುತ್ತೆ."

"ಹಂಗಾದ್ರೆ ಬರ್ಬೇಕು. ಒಂದು ಮರೀನೂ ಇಲ್ಲ ಅಂದ್ರೆ ಇದೇ ನೀರಲ್ಲಿ ನಿನ್ನ ಅದ್ದಿ ತೆಗೀತೀನಿ, ನನ್ನ ಮೊಣಕಾಲು ಎಂಗಾದ್ರೂ ಇರ್ಲಿ."

ಬರುತ್ತೇನೆ ಎಂದೆ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಆಗಲೇ ಹಿಂಡಿಗೆ ಹೂಯ್ ಎಂದು ಕೂಗು ಹಾಕಿದ್ದಳು. ಕುರಿಗಳು ಒಂದನ್ನೊಂದು ಒತ್ತಿಕೊಂಡು ನನ್ನ ಕಡೆಯೇ ಬಂದವು.

"ದಾರಿ ಬಿಡು" ಎಂದಳು.

ಬಿಟ್ಟೆ.